ಎರಡೇ ಪ್ರಶ್ನೆ ಕೇಳಿ ಶಿಸ್ತನ್ನು ಅಳೆಯಬಹುದೇ?

ಪ್ರಶ್ನೆ: ಎಂ.ಎ. ಮನಃಶಾಸ್ತ್ರದ ಪ್ರಬಂಧಕ್ಕೆ ‘ವ್ಯಕ್ತಿತ್ವ ಮತ್ತು ಕೆಲಸ ಮುಂದೂಡುವ ಅಭ್ಯಾಸ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ‘ಬಿಗ್ ಫೈವ್’ ಎಂಬ ವ್ಯಕ್ತಿತ್ವ ಮಾದರಿಯ ಐದು ಗುಣಗಳಿಗೆ (ಶಿಸ್ತು ಅವುಗಳಲ್ಲೊಂದು) ತಲಾ ಎರಡರಂತೆ ಹತ್ತು ಪ್ರಶ್ನೆಗಳಿರುವ ಚಿಕ್ಕ ಪ್ರಶ್ನಾವಳಿಯನ್ನು ನಾನೇ ಅನುವಾದ ಮಾಡಿ 60 ವಿದ್ಯಾರ್ಥಿಗಳಿಂದ ತುಂಬಿಸಿದೆ. ಅವರು ಒಂದು ಅಸೈನ್‌ಮೆಂಟನ್ನು ಗಡುವಿಗೆ ಎಷ್ಟು ಗಂಟೆ ಮುಂಚೆ ಸಲ್ಲಿಸಿದರು ಎಂಬುದನ್ನೂ ಬರೆದಿಟ್ಟುಕೊಂಡೆ. ಶಿಸ್ತಿನ ಅಂಕಕ್ಕೂ ಸಲ್ಲಿಸಿದ ಹೊತ್ತಿಗೂ ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಸಂಖ್ಯೆ) 0.18 ಮಾತ್ರ ಬಂತು. ಶಿಸ್ತಿನ ಎರಡು ಪ್ರಶ್ನೆಗಳ ಆಲ್ಫಾ (ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.52. ಮಾರ್ಗದರ್ಶಕರು ‘ಮೊದಲು ಸಿದ್ಧಾಂತ ಆರಿಸಿಕೊ’ ಅನ್ನುತ್ತಾರೆ. ಫ್ರಾಯ್ಡ್, ಆಲ್‌ಪೋರ್ಟ್, ಐಸೆಂಕ್, ಮಿಶೆಲ್ ಇವರಲ್ಲಿ ಯಾರು ಸರಿ? ವ್ಯಕ್ತಿತ್ವ ನೋಡಿ ನಡವಳಿಕೆ ಹೇಳಲಾಗದು ಎಂದು ತೀರ್ಮಾನ ಬರೆದುಬಿಡಲೇ?

ಉತ್ತರ: ಹಾಗೆ ಮಾತ್ರ ಬರೆಯಬೇಡಿ. ನಿಮ್ಮ ಅಂಕಿಗಳಿಂದ ಆ ತೀರ್ಮಾನಕ್ಕೆ ದಾರಿಯೇ ಇಲ್ಲ. 60 ಜನರಲ್ಲಿ ಸಿಕ್ಕ 0.18ಕ್ಕೆ ಶೇ. 95ರ ವಿಶ್ವಾಸಾಂತರ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಲೆಕ್ಕ ಹಾಕಿದರೆ ಸುಮಾರು –0.08ರಿಂದ 0.41ರವರೆಗೆ ಬರುತ್ತದೆ. ಅಂದರೆ ನಿಜವಾದ ಸಂಬಂಧ ಸೊನ್ನೆಯೂ ಆಗಿರಬಹುದು, ಈ ಕ್ಷೇತ್ರದ ಮಟ್ಟಿಗೆ ಸಾಕಷ್ಟು ಗಟ್ಟಿಯೂ ಆಗಿರಬಹುದು. ಮೊದಲು ಅಳತೆಯನ್ನು ನೋಡೋಣ. ಸಿದ್ಧಾಂತದ ಪ್ರಶ್ನೆಗೆ ಉತ್ತರವೂ ಅಲ್ಲಿಂದಲೇ ಹೊರಡುತ್ತದೆ.

ಆಲ್ಫಾ ಕಡಿಮೆ ಬಂದಾಗ ಮೊದಲು ಪರೀಕ್ಷಿಸಬೇಕಾದದ್ದು, ತಿರುವುಮುರುವಾದ ಪ್ರಶ್ನೆಯ (ಹೌದೆಂದರೆ ಗುಣ ಕಡಿಮೆ ಎಂದರ್ಥವಾಗುವ ಪ್ರಶ್ನೆಯ) ಅಂಕವನ್ನು ತಿರುಗಿಸಿದ್ದೀರಾ ಎಂದು. ಏಳು ಹಂತದ ಮಾಪಕವಾದರೆ ಕೊಟ್ಟ ಅಂಕವನ್ನು 8ರಿಂದ ಕಳೆಯಬೇಕು. ಇದನ್ನು ಮರೆತಿದ್ದರೆ ಎರಡು ಪ್ರಶ್ನೆಗಳ ಆಲ್ಫಾ ಸಾಮಾನ್ಯವಾಗಿ ಋಣಸಂಖ್ಯೆಯಾಗಿ ಬರುತ್ತದೆ. ನಿಮ್ಮದು 0.52 ಆದ್ದರಿಂದ ಆ ತಪ್ಪು ಆಗಿಲ್ಲ. ಎರಡು ಪ್ರಶ್ನೆಗಳಿಗೆ 0.52 ಅಂದರೆ ಅವುಗಳ ನಡುವಿನ ಸಹಸಂಬಂಧ ಸುಮಾರು 0.35. ಇದು ಕೆಟ್ಟದ್ದೇನಲ್ಲ. ಚಿಕ್ಕ ಪ್ರಶ್ನಾವಳಿಗಳಲ್ಲಿ ಒಂದು ಗುಣದ ಎರಡು ಬೇರೆ ಬೇರೆ ಮಗ್ಗುಲುಗಳಿಂದ ಒಂದೊಂದು ಪ್ರಶ್ನೆಯನ್ನು ಬೇಕೆಂದೇ ಆರಿಸಿರುತ್ತಾರೆ, ಹಾಗಾಗಿ ಆಲ್ಫಾ ತಗ್ಗುತ್ತದೆ. ಅಂಥ ಮಾಪಕವನ್ನು ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಜನಕ್ಕೆ ಮತ್ತೊಮ್ಮೆ ಕೊಟ್ಟು, ಎರಡು ಸಲದ ಅಂಕಗಳ ಸಹಸಂಬಂಧ ನೋಡುವುದು ಹೆಚ್ಚು ನ್ಯಾಯವಾದ ಪರೀಕ್ಷೆ.

ಅದೇ ಗುಣಮಟ್ಟದ ಪ್ರಶ್ನೆಗಳನ್ನು ಎರಡರಿಂದ ಎಂಟಕ್ಕೆ ಏರಿಸಿದರೆ ಏನಾಗುತ್ತದೆ ಎಂಬುದನ್ನು ಸ್ಪಿಯರ್‌ಮನ್–ಬ್ರೌನ್ ಸೂತ್ರ ಹೇಳುತ್ತದೆ. ಪ್ರಶ್ನೆಗಳ ಸಂಖ್ಯೆಯನ್ನು ಸರಾಸರಿ ಸಹಸಂಬಂಧದಿಂದ ಗುಣಿಸಿ: 8 × 0.35 = 2.8. ಒಂದಕ್ಕೆ 7 × 0.35 ಕೂಡಿಸಿ: 3.45. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.81, ಅದೇ ಹೊಸ ಆಲ್ಫಾ. ಪ್ರಶ್ನೆಗಳು ಉತ್ತಮವಾಗಬೇಕೆಂದೇನಿಲ್ಲ, ಹೆಚ್ಚಾದರೂ ಸಾಕು.

ನಿಮ್ಮ ಅಧ್ಯಯನದ ನಿಜವಾದ ಸೋರಿಕೆ ಇರುವುದು ಪ್ರಶ್ನಾವಳಿಯಲ್ಲಿ ಅಲ್ಲ, ಇನ್ನೊಂದು ಕಡೆ. ಆ ಒಂದು ಅಸೈನ್‌ಮೆಂಟ್. ಆ ವಾರ ಒಬ್ಬರಿಗೆ ಜ್ವರ ಬಂದಿರಬಹುದು, ಇನ್ನೊಬ್ಬರಿಗೆ ವಿಷಯ ಇಷ್ಟವಾಗಿರಬಹುದು, ಮತ್ತೊಬ್ಬರ ಕಂಪ್ಯೂಟರ್ ಕೈಕೊಟ್ಟಿರಬಹುದು. ಒಂದೇ ಲೆಕ್ಕ ಕೊಟ್ಟು ಇಡೀ ಗಣಿತದ ಅಂಕ ಹಾಕುವವರು ಯಾರೂ ಇಲ್ಲ. ಆದರೆ ನಡವಳಿಕೆಯ ವಿಷಯಕ್ಕೆ ಬಂದಾಗ ಒಂದೇ ಸಲ ನೋಡಿ ಸಂಶೋಧಕರು ಸುಮ್ಮನಾಗಿಬಿಡುತ್ತಾರೆ.

ಈ ಎಡವಟ್ಟಿಗೆ ದೀರ್ಘ ಇತಿಹಾಸವಿದೆ. 1928ರಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಸಾವಿರಾರು ಮಕ್ಕಳ ಪ್ರಾಮಾಣಿಕತೆಯನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಪರೀಕ್ಷಿಸಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡದೆ ಇರುವುದು ಕಂಡುಬಂತು, ಪರೀಕ್ಷೆ ಪರೀಕ್ಷೆಗಳ ನಡುವಿನ ಸಹಸಂಬಂಧ ಕಡಿಮೆಯಿತ್ತು. 1968ರಲ್ಲಿ ವಾಲ್ಟರ್ ಮಿಶೆಲ್, ಗುಣಗಳ ಅಂಕಕ್ಕೂ ನಿಜ ನಡವಳಿಕೆಗೂ ಸಹಸಂಬಂಧ 0.30ರ ಆಚೆಗೆ ಹೋಗುವುದು ಅಪರೂಪ ಎಂದು ತೋರಿಸಿ ಇಡೀ ಕ್ಷೇತ್ರವನ್ನೇ ಅಲುಗಾಡಿಸಿದರು. ಅದಕ್ಕೆ ಗಟ್ಟಿ ಉತ್ತರ 1979ರಲ್ಲಿ ಸೆಮೂರ್ ಎಪ್ಸ್ಟೀನ್ ಅವರಿಂದ ಬಂತು: ಒಂದೊಂದು ದಿನದ ನಡವಳಿಕೆಯನ್ನು ಹೋಲಿಸಬೇಡಿ, ಅನೇಕ ದಿನಗಳ ಸರಾಸರಿಯನ್ನು ಹೋಲಿಸಿ, ಸ್ಥಿರತೆ ತಾನಾಗಿ ಕಾಣುತ್ತದೆ. ಹಾರ್ಟ್‌ಶೋರ್ನ್ ಮತ್ತು ಮೇ ಅವರ ಮಾಹಿತಿಯಲ್ಲೂ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರ ಬೇರೆಯೇ ಆಗುತ್ತದೆ.

ಇದನ್ನು ನಿಮ್ಮ ಅಂಕಿಗಳಲ್ಲೇ ತೋರಿಸುತ್ತೇನೆ. ಒಂದು ಅಸೈನ್‌ಮೆಂಟಿನ ವಿಳಂಬಕ್ಕೂ ಮತ್ತೊಂದರ ವಿಳಂಬಕ್ಕೂ ಸಹಸಂಬಂಧ 0.30 ಎಂದು ಊಹಿಸಿಕೊಳ್ಳಿ. ಹಾಗಿದ್ದರೆ ನಿಮ್ಮ ಎರಡು ಅಳತೆಗಳ ವಿಶ್ವಾಸಾರ್ಹತೆ (ಅಳತೆಯಲ್ಲಿ ದೋಷ ಎಷ್ಟು ಕಡಿಮೆ ಎಂಬುದು) 0.52 ಮತ್ತು 0.30. ಇವುಗಳ ಗುಣಲಬ್ಧದ ವರ್ಗಮೂಲ 0.39. ಅಳತೆಯ ದೋಷವನ್ನು ತೆಗೆದರೆ 0.18 ÷ 0.39, ಅಂದರೆ ಸುಮಾರು 0.46. ಈಗ ಎಂಟು ಪ್ರಶ್ನೆ, ಎಂಟು ಅಸೈನ್‌ಮೆಂಟ್ ಇಟ್ಟುಕೊಳ್ಳಿ. ಪ್ರಶ್ನಾವಳಿಯ ವಿಶ್ವಾಸಾರ್ಹತೆ 0.81 ಆಗುತ್ತದೆ, ವಿಳಂಬದ ಸರಾಸರಿಯದು 0.77. ನೀವು ನೋಡಬಹುದಾದ ಸಹಸಂಬಂಧ 0.36ಕ್ಕೆ ಏರುತ್ತದೆ. ಜನ ಅವರೇ, ಗುಣ ಅದೇ. ಶೇ. 80ರ ಸಂಭವನೀಯತೆಯಿಂದ 0.18ನ್ನು ಪತ್ತೆ ಹಚ್ಚಲು ಸುಮಾರು 240 ಜನ ಬೇಕು, 0.36ಕ್ಕೆ 60ರೊಳಗೆ ಸಾಕು. ಜನರನ್ನು ಸೇರಿಸುವುದು ಕಷ್ಟವಿರುವ ವಿದ್ಯಾರ್ಥಿಗೆ ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿಲ್ಲ. ಆದರೂ 60ಕ್ಕೇ ನಿಲ್ಲಬೇಡಿ. ಆ 0.46 ಎಂಬುದೇ ಒಂದು ಅಲುಗಾಡುವ ಅಂದಾಜು. ಸಹಸಂಬಂಧದ ಬೆಲೆ ಒಂದು ಕಡೆ ನೆಲೆ ನಿಲ್ಲಲು ಸಾಮಾನ್ಯವಾಗಿ 250ರಷ್ಟು ಜನ ಬೇಕೆಂದು ಶೋನ್‌ಬ್ರೋಟ್ ಮತ್ತು ಪೆರುಜಿನಿ 2013ರಲ್ಲಿ ತೋರಿಸಿದ್ದಾರೆ. 200 ದಾಟಲು ನೋಡಿ.

ಈಗ ಸಿದ್ಧಾಂತ. ‘ಯಾರು ಸರಿ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ನನ್ನ ಪ್ರಶ್ನೆ ಯಾವುದು’ ಎಂದು ಕೇಳಿಕೊಳ್ಳಿ. ನಿಮ್ಮ ವಿಷಯದೊಳಗೆ ಮೂರು ಬೇರೆ ಪ್ರಶ್ನೆಗಳು ಅಡಗಿವೆ. ಯಾರು ಹೆಚ್ಚು ಮುಂದೂಡುತ್ತಾರೆ? ಅದೇ ವ್ಯಕ್ತಿ ಯಾವಾಗ ಮುಂದೂಡುತ್ತಾನೆ? ಮುಂದೂಡುವುದು ಅವನ ಬದುಕಿನ ಕಥೆಯಲ್ಲಿ ಯಾವ ಅರ್ಥ ಪಡೆದಿದೆ? 1995ರಲ್ಲಿ ಡಾನ್ ಮೆಕ್‌ಆಡಮ್ಸ್ ಒಬ್ಬ ವ್ಯಕ್ತಿಯನ್ನು ಅರಿಯುವುದಕ್ಕೆ ಹೆಚ್ಚುಕಡಿಮೆ ಹೀಗೇ ಮೂರು ಮಟ್ಟಗಳನ್ನು ಗುರುತಿಸಿದರು: ಸಾಮಾನ್ಯ ಗುಣಗಳು, ಸಂದರ್ಭಕ್ಕೆ ತಕ್ಕ ಗುರಿ ಮತ್ತು ಹೊಂದಾಣಿಕೆಗಳು, ತನ್ನ ಬಗ್ಗೆ ತಾನು ಕಟ್ಟಿಕೊಂಡ ಕಥನ. ಪ್ರತಿ ಮಟ್ಟಕ್ಕೂ ವಿಧಾನ ಬೇರೆ. ಒಂದು ಮಟ್ಟದ ಪ್ರಶ್ನೆಗೆ ಇನ್ನೊಂದರ ವಿಧಾನ ಹಿಡಿದರೆ ಉತ್ತರ ಬರುವುದಿಲ್ಲ, ಅಂಕಿ ಮಾತ್ರ ಬರುತ್ತದೆ.

‘ಯಾರು’ ಎಂಬುದು ಗುಣ ಸಿದ್ಧಾಂತದ ಪ್ರಶ್ನೆ. ಅದರ ಬೇರು ಭಾಷೆಯಲ್ಲಿದೆ. ಜನರ ನಡುವಿನ ಮುಖ್ಯ ವ್ಯತ್ಯಾಸಗಳಿಗೆ ಭಾಷೆ ತಾನಾಗಿ ಪದ ಹುಟ್ಟಿಸಿಕೊಂಡಿರುತ್ತದೆ ಎಂಬುದು ಮೂಲ ಊಹೆ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಆರಿಸಿ ತೆಗೆದರು. ಅದರಲ್ಲಿ ಸ್ಥಿರ ಗುಣ ಸೂಚಿಸುವವು ಸುಮಾರು 4,500. ಕ್ಯಾಟೆಲ್ ಅದನ್ನು ಇಳಿಸಿ ಇಳಿಸಿ ಫ್ಯಾಕ್ಟರ್ ವಿಶ್ಲೇಷಣೆಯಿಂದ (ಒಟ್ಟಿಗೆ ಏರಿಳಿಯುವವನ್ನು ಒಂದೊಂದು ಅಂಶವಾಗಿ ಗುಂಪು ಮಾಡುವ ಲೆಕ್ಕದಿಂದ) 16ಕ್ಕೆ ತಂದರು. ಐಸೆಂಕ್ ಎರಡು, ಆಮೇಲೆ ಮೂರು ಸಾಕೆಂದರು. 1961ರಲ್ಲಿ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಮತ್ತೆ ಮತ್ತೆ ಐದನ್ನೇ ಕಂಡರು. ಆಶ್ಟನ್ ಮತ್ತು ಲೀ ಹಲವು ಭಾಷೆಗಳ ಪದಗಳನ್ನು ನೋಡಿ, ಪ್ರಾಮಾಣಿಕತೆ ಮತ್ತು ವಿನಯವನ್ನು ಆರನೆಯದಾಗಿ ಸೇರಿಸಿದರು. ಐದೋ ಆರೋ ಎಂಬ ಜಗಳ ನಿಮ್ಮ ಪ್ರಬಂಧಕ್ಕೆ ಮುಖ್ಯವಲ್ಲ, ಎರಡರಲ್ಲೂ ನಿಮಗೆ ಬೇಕಾದ ಗುಣ ಇದೆ. ನೆನಪಿಡಬೇಕಾದದ್ದು ಬೇರೆ: 2013ರಲ್ಲಿ ಗರ್ವನ್ ಮತ್ತು ಸಂಗಡಿಗರು ಬೊಲಿವಿಯಾದ ತ್ಸಿಮಾನೆ ಜನರಲ್ಲಿ ಈ ಐದು ಅಂಶಗಳ ರಚನೆಯನ್ನು ಹುಡುಕಿದಾಗ ಅದು ಸಿಗಲಿಲ್ಲ. ಒಂದು ಕಡೆ ತಯಾರಾದ ರಚನೆ ನಿಮ್ಮ ಮಾದರಿಯಲ್ಲೂ ಇದೆ ಎಂದು ಪರೀಕ್ಷಿಸದೆ ನಂಬುವಂತಿಲ್ಲ.

ಭಾಷೆಯ ಮಾತು ಬಂದದ್ದರಿಂದ ನಿಮ್ಮ ಅನುವಾದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಚಿಕ್ಕ ಪ್ರಶ್ನಾವಳಿಗಳು ಸಾಮಾನ್ಯವಾಗಿ ಗುಣವಾಚಕಗಳ ಜೋಡಿಗಳಾಗಿರುತ್ತವೆ. ‘ನಾನು ಶಿಸ್ತಿನ ವ್ಯಕ್ತಿ’ ಎಂದು ಕನ್ನಡದಲ್ಲಿ ಬರೆದ ಕೂಡಲೇ ಏನಾಗುತ್ತದೆ ನೋಡಿ. ‘ಶಿಸ್ತಾಗಿ ಬಟ್ಟೆ ಹಾಕಿಕೊಂಡು ಬಂದ’ ಅನ್ನುವಾಗ ಅದು ಉಡುಗೆಯ ಮಾತು. ‘ಶಿಸ್ತಿಲ್ಲದ ಹುಡುಗ’ ಅನ್ನುವಾಗ ಹೇಳಿದ ಮಾತು ಕೇಳದವನು. ‘ಶಿಸ್ತು ಕ್ರಮ’ ಅಂದರೆ ದಂಡನೆ. ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಗುಣ ಈ ಮೂರರ ಹಿಂದೆ ಎಲ್ಲೋ ನಿಂತಿರುತ್ತದೆ. ‘ಕರ್ತವ್ಯನಿಷ್ಠ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಅದು ಹೊಗಳಿಕೆಯ ಪದ, ಅಲ್ಲವೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ, ಅಂಕಗಳೆಲ್ಲ ಮಾಪಕದ ಮೇಲ್ತುದಿಗೆ ಹೋಗಿ ಅಂಟಿಕೊಳ್ಳುತ್ತವೆ. ಆದ್ದರಿಂದ ಗುಣದ ಹೆಸರನ್ನು ಬಿಟ್ಟು ನಡವಳಿಕೆಯನ್ನು ಕೇಳಿ: ‘ಶುರು ಮಾಡಿದ ಕೆಲಸವನ್ನು ಮುಗಿಸಿಯೇ ಏಳುತ್ತೇನೆ’, ‘ಸಾಮಾನುಗಳನ್ನು ತೆಗೆದ ಜಾಗದಲ್ಲೇ ಇಡುತ್ತೇನೆ’.

ಎರಡನೆಯ ತೊಡಕು ನಿಷೇಧದ್ದು. ‘ನಾನು ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ’ ಎಂದು ಬರೆದು ಪಕ್ಕದಲ್ಲಿ ‘ಒಪ್ಪುವುದಿಲ್ಲ’ ಎಂಬ ಆಯ್ಕೆ ಇಟ್ಟರೆ, ಓದುವವರು ಎರಡು ಇಲ್ಲಗಳನ್ನು ಮನಸ್ಸಿನಲ್ಲೇ ಕಳೆದು ಕೂಡಬೇಕು. ಎಷ್ಟೋ ಜನ ಒಂದು ಇಲ್ಲವನ್ನು ನುಂಗಿ ತದ್ವಿರುದ್ಧ ಉತ್ತರ ಗುರುತು ಹಾಕುತ್ತಾರೆ. ತಿರುವುಮುರುವಾದ ಪ್ರಶ್ನೆ ಬೇಕೇ ಬೇಕು, ಏಕೆಂದರೆ ಏನು ಕೇಳಿದರೂ ಹೂಂ ಅನ್ನುವವರನ್ನು ಅದಿಲ್ಲದೆ ಹಿಡಿಯಲಾಗದು. ಆದರೆ ಅದನ್ನು ‘ಅಲ್ಲ’, ‘ಇಲ್ಲ’ ಸೇರಿಸಿ ಮಾಡಬೇಡಿ, ವಿರುದ್ಧ ನಡವಳಿಕೆಯನ್ನೇ ನೇರವಾಗಿ ಬರೆಯಿರಿ: ‘ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತೇನೆ’.

ಒಬ್ಬರೇ ಕೂತು ಮಾಡಿದ ಅನುವಾದ ಸಾಲದು. ಇಬ್ಬರು ಸ್ವತಂತ್ರವಾಗಿ ಕನ್ನಡಕ್ಕೆ ತರಲಿ, ಎರಡನ್ನೂ ಹೋಲಿಸಿ ಒಂದು ಮಾಡಿ. ಮೂಲ ನೋಡಿರದ ಮೂರನೆಯವರು ಅದನ್ನು ಇಂಗ್ಲಿಷಿಗೆ ಹಿಂದಿರುಗಿಸಲಿ, ಎಲ್ಲಿ ಅರ್ಥ ಜಾರಿದೆ ಎಂದು ತಿಳಿಯುತ್ತದೆ. ಆಮೇಲೆ 8–10 ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಓದುತ್ತಾ ತೋಚಿದ್ದನ್ನು ಗಟ್ಟಿಯಾಗಿ ಹೇಳಲು ಕೇಳಿ. ಯಾವ ಅಂಕಿಅಂಶವೂ ತೋರಿಸದ ದೋಷ ಈ ಹಂತದಲ್ಲಿ ಸಿಗುತ್ತದೆ. ಕೊನೆಗೆ 30–40 ಜನರ ಮೇಲೆ ಪ್ರಯೋಗ. ಯಾವ ಮಾಪಕ ಎಂದರೆ, ಬಿಗ್ ಫೈವ್ ಅಳೆಯುವ ಬಿಎಫ್‌ಐ–2 ಸಂಶೋಧನೆಗೆ ಮುಕ್ತವಾಗಿ ಸಿಗುತ್ತದೆ. 60 ಪ್ರಶ್ನೆ, ಗುಣಕ್ಕೆ 12ರಂತೆ. ಸಾರ್ವಜನಿಕ ಸ್ವತ್ತಾದ ಐಪಿಐಪಿ ಎಂಬ ವ್ಯಕ್ತಿತ್ವ ಪ್ರಶ್ನೆಗಳ ಸಂಗ್ರಹದಿಂದಲೂ ಆರಿಸಬಹುದು. ಅದೇ ಐದು ಗುಣಗಳನ್ನು ಅಳೆಯುವ ನಿಯೋ ಮಾಪಕದ 240 ಪ್ರಶ್ನೆಗಳಿಗೆ ಹಕ್ಕುಸ್ವಾಮ್ಯವಿದೆ, ಅನುಮತಿಯಿಲ್ಲದೆ ಅನುವಾದಿಸಬೇಡಿ.

ಮಾಹಿತಿ ಬಂದ ಮೇಲೆ ಫ್ಯಾಕ್ಟರ್ ವಿಶ್ಲೇಷಣೆ ಮಾಡುವಾಗ ‘ಐಗನ್ ಮೌಲ್ಯ (ಒಂದು ಅಂಶ ವಿವರಿಸುವ ವ್ಯತ್ಯಾಸದ ಪ್ರಮಾಣ) ಒಂದಕ್ಕಿಂತ ಹೆಚ್ಚಿರುವವೆಲ್ಲ ಅಂಶಗಳು’ ಎಂಬ ಹಳೆಯ ನಿಯಮ ಬಿಡಿ, ಅದು ಇಲ್ಲದ ಅಂಶಗಳನ್ನು ಹುಟ್ಟಿಸುತ್ತದೆ. ಹಾರ್ನ್ 1965ರಲ್ಲಿ ಕೊಟ್ಟ ಸಮಾಂತರ ವಿಶ್ಲೇಷಣೆ (ನಿಮ್ಮ ಐಗನ್ ಮೌಲ್ಯಗಳನ್ನು ಯಾದೃಚ್ಛಿಕ ಅಂಕಿಗಳಿಂದ ಬರುವವುಗಳೊಂದಿಗೆ ಹೋಲಿಸುವ ವಿಧಾನ) ಬಳಸಿ. ಅಂಶಗಳು ಒಂದಕ್ಕೊಂದು ಸಂಬಂಧ ಹೊಂದಿರಬಹುದಾದ ತಿರುಗಣೆಯನ್ನೇ ಆರಿಸಿ. ಗಮನವಿಲ್ಲದೆ ತುಂಬಿದವರನ್ನು ಹಿಡಿಯಲು ನಡುವೆ ‘ಇಲ್ಲಿ ಎರಡನೆಯ ಆಯ್ಕೆಗೆ ಗುರುತು ಹಾಕಿ’ ಎಂಬ ಸಾಲು ಇಡಿ. ಆನ್‌ಲೈನ್ ಆದರೆ ಪ್ರಶ್ನೆಗೆ ಎರಡು ಸೆಕೆಂಡಿಗಿಂತ ಕಡಿಮೆ ತೆಗೆದುಕೊಂಡವರನ್ನು ಪ್ರತ್ಯೇಕಿಸಿ. ಕೈಬಿಡುವ ನಿಯಮವನ್ನು ಮಾಹಿತಿ ನೋಡುವ ಮೊದಲೇ ಬರೆದಿಡಿ.

ನೀವು ಮಾಡಿದ ಒಂದು ಕೆಲಸ ಬಹಳ ಒಳ್ಳೆಯದು: ಮುಂದೂಡುವುದನ್ನು ಪ್ರಶ್ನೆ ಕೇಳಿ ಅಳೆಯದೆ ಗಡಿಯಾರ ನೋಡಿ ಅಳೆದಿರಿ. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ಪಿಯರ್ಸ್ ಸ್ಟೀಲ್ 2007ರಲ್ಲಿ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಶಿಸ್ತಿನ ಗುಣಕ್ಕೂ ಮುಂದೂಡುವಿಕೆಗೂ ಸಹಸಂಬಂಧ –0.62 ಬಂತು (ಋಣ ಚಿಹ್ನೆ ಅಂದರೆ ಗುಣ ಹೆಚ್ಚಿದಷ್ಟೂ ಮುಂದೂಡುವಿಕೆ ಕಡಿಮೆ). ನಿಮ್ಮ 0.18ರ ಮುಂದೆ ಅದು ದೊಡ್ಡದಾಗಿ ಕಾಣಬಹುದು. ಆದರೆ ಎರಡೂ ಕಡೆ ಪ್ರಶ್ನಾವಳಿಯೇ ಇದ್ದಾಗ ಆ ಗುಣದ ಮಾಪಕದಲ್ಲಿ ‘ಕೆಲಸ ಕೂಡಲೇ ಶುರು ಮಾಡುತ್ತೇನೆ’ ಎಂದಿರುತ್ತದೆ, ಮುಂದೂಡುವಿಕೆಯ ಮಾಪಕದಲ್ಲಿ ‘ಕೆಲಸ ಶುರು ಮಾಡಲು ತಡ ಮಾಡುತ್ತೇನೆ’ ಎಂದಿರುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ ಉತ್ತರ ಹೊಂದುತ್ತದೆ ಎಂದು ಸಂತೋಷಪಟ್ಟಂತೆ. ವಿಧಾನದ ಹೋಲಿಕೆಯೇ ಗುಣದ ಹೋಲಿಕೆಯಂತೆ ಕಾಣುವ ಈ ಅಪಾಯವನ್ನು ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲೇ ಬಿಡಿಸಿಟ್ಟಿದ್ದಾರೆ. ಒಂದು ಗುಣವನ್ನು ಕನಿಷ್ಠ ಎರಡು ವಿಧಾನಗಳಿಂದ ಅಳೆಯಿರಿ ಎಂಬುದು ಅವರ ಸಲಹೆ.

ಗಡಿಯಾರದ ಅಳತೆಯನ್ನು ಮಾತ್ರ ಸ್ವಲ್ಪ ತಿದ್ದಬೇಕು. ಸಲ್ಲಿಕೆಗಳು ಗಡುವಿನ ಕೊನೆಯ ಗಂಟೆಗಳಲ್ಲಿ ಮುತ್ತಿಕೊಳ್ಳುತ್ತವೆ, ಯಾರೋ ಇಬ್ಬರು ನಾಲ್ಕು ದಿನ ಮುಂಚೆ ಕೊಟ್ಟಿರುತ್ತಾರೆ. ಆ ಇಬ್ಬರೇ ನಿಮ್ಮ ಸಹಸಂಬಂಧವನ್ನು ಎತ್ತ ಬೇಕಾದರೂ ಎಳೆಯಬಲ್ಲರು. ಕೊಟ್ಟ ಒಟ್ಟು ಅವಧಿಯಲ್ಲಿ ಎಷ್ಟು ಭಾಗ ಬಳಸಿದರು ಎಂಬ ಅನುಪಾತಕ್ಕೆ ಬದಲಿಸಿ, ಶ್ರೇಣಿ ಸಹಸಂಬಂಧವನ್ನೂ (ಅಂಕಿಗಳ ಬದಲು ಸ್ಥಾನಗಳನ್ನು ಹೋಲಿಸುವುದನ್ನೂ) ಪಕ್ಕದಲ್ಲಿ ಕೊಡಿ. ಸಲ್ಲಿಸದೇ ಉಳಿದವರನ್ನು ನೀವು ಲೆಕ್ಕದಿಂದ ಬಿಟ್ಟಿದ್ದರೆ ಅತಿ ಹೆಚ್ಚು ಮುಂದೂಡುವವರೇ ಹೊರಗೆ ಹೋಗಿರುತ್ತಾರೆ, ಸಂಬಂಧ ತಗ್ಗಿ ಕಾಣುತ್ತದೆ. ಅವರಿಗೆ ಕೊನೆಯ ಶ್ರೇಣಿ ಕೊಟ್ಟು ಉಳಿಸಿಕೊಳ್ಳಿ.

‘ಯಾವಾಗ’ ಎಂಬ ಪ್ರಶ್ನೆಗೆ ಮಿಶೆಲ್ ಬೇಕು. ಅವರ ವಾದ ‘ವ್ಯಕ್ತಿತ್ವ ಇಲ್ಲ’ ಎಂಬುದಾಗಿತ್ತು ಎಂದು ಪಠ್ಯಗಳಲ್ಲಿ ಬರುವುದು ಅವರಿಗೆ ಮಾಡುವ ಅನ್ಯಾಯ. ಶೋಡಾ, ಮಿಶೆಲ್ ಮತ್ತು ರೈಟ್ 1994ರಲ್ಲಿ ಬೇಸಿಗೆ ಶಿಬಿರದ ಮಕ್ಕಳನ್ನು ಗಮನಿಸಿದ್ದನ್ನು ಪ್ರಕಟಿಸಿದರು. ಓರಗೆಯವರು ಕೀಟಲೆ ಮಾಡಿದಾಗ, ದೊಡ್ಡವರು ಎಚ್ಚರಿಸಿದಾಗ, ದೊಡ್ಡವರು ಹೊಗಳಿದಾಗ, ಹೀಗೆ ಸನ್ನಿವೇಶಗಳನ್ನು ಬೇರೆ ಮಾಡಿ ಜಗಳಗಂಟಿತನವನ್ನು ಲೆಕ್ಕ ಹಾಕಿದರು. ಸರಾಸರಿ ಒಂದೇ ಇರುವ ಇಬ್ಬರಲ್ಲಿ ಒಬ್ಬ ಓರಗೆಯವರ ಮೇಲೆ ಸಿಡಿಯುತ್ತಾನೆ, ಇನ್ನೊಬ್ಬ ದೊಡ್ಡವರ ಎಚ್ಚರಿಕೆಗೆ. ಈ ‘ಹೀಗಾದರೆ ಹಾಗೆ’ ಎಂಬ ವಿನ್ಯಾಸ ಮತ್ತೆ ಮತ್ತೆ ಮರಳಿ ಬರುತ್ತದೆ, ಅದೇ ಆ ಮಗುವಿನ ಸಹಿ. 2001ರಲ್ಲಿ ವಿಲಿಯಂ ಫ್ಲೀಸನ್ ಗುಣವೇ ಮುಖ್ಯ, ಸನ್ನಿವೇಶವೇ ಮುಖ್ಯ ಎನ್ನುವ ಎರಡೂ ಪಕ್ಷಗಳನ್ನು ಒಂದೆಡೆ ತಂದರು. ಒಬ್ಬನೇ ವ್ಯಕ್ತಿ ದಿನವಿಡೀ ಅಂತರ್ಮುಖಿಯಿಂದ ಬಹಿರ್ಮುಖಿಯವರೆಗೆ ಓಡಾಡುತ್ತಾನೆ, ಆದರೆ ಅವನ ಸರಾಸರಿ ವಾರದಿಂದ ವಾರಕ್ಕೆ ಹೆಚ್ಚು ಕದಲುವುದಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಬಂಧಕ್ಕೆ ಹೊಂದುವ ಸಿದ್ಧಾಂತ ಇದೇ.

ಇಲ್ಲಿ ಬಹಳ ಜನ ಮುಗ್ಗರಿಸುವ ಜಾಗವೊಂದಿದೆ. ಜನರ ನಡುವಿನ ಸಂಬಂಧ ಮತ್ತು ಒಬ್ಬನೊಳಗಿನ ಸಂಬಂಧ ಒಂದೇ ಅಲ್ಲ, ವಿರುದ್ಧ ದಿಕ್ಕಿಗೂ ಹೋಗಬಹುದು. ಅಚ್ಚುಕಟ್ಟಾಗಿ ಕೆಲಸ ಮಾಡುವವರ ಬಳಿ ಬಾಕಿ ಕೆಲಸ ಕಡಿಮೆ ಇರುತ್ತದೆ, ಇದು ಜನರ ನಡುವೆ. ಆದರೆ ಒಬ್ಬ ವಿದ್ಯಾರ್ಥಿಯ ಹದಿನಾಲ್ಕು ದಿನಗಳನ್ನು ತೆಗೆದು ನೋಡಿ: ಅವನು ಅತ್ಯಂತ ಅಚ್ಚುಕಟ್ಟಾಗಿ ಕೂತು ಕೆಲಸ ಮಾಡಿದ್ದು, ಬಾಕಿ ಬೆಟ್ಟವಾಗಿದ್ದ ಗಡುವಿನ ಹಿಂದಿನ ದಿನವೇ ಆಗಿರಬಹುದು. ಒಂದು ಕಡೆ ಋಣ, ಇನ್ನೊಂದು ಕಡೆ ಧನ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಕಲಸಿದರೆ ಸೊನ್ನೆಯ ಹತ್ತಿರ ಏನೋ ಬಂದು ಯಾರಿಗೂ ಅರ್ಥವಾಗುವುದಿಲ್ಲ. ಇದನ್ನು ಬೇರ್ಪಡಿಸಲು ದಿನಕ್ಕೆ ಐದು ಸಲದಂತೆ 14 ದಿನ, ಫೋನಿಗೆ ಚಿಕ್ಕ ಪ್ರಶ್ನೆಗಳನ್ನು ಕಳಿಸಿ. ತಲಾ 70 ಅಳತೆ ಸಿಗಬೇಕು, ಕೆಲವು ತಪ್ಪಿಯೇ ತಪ್ಪುತ್ತವೆ. ಪ್ರತಿಯೊಬ್ಬರ ಅಳತೆಗಳಿಂದ ಅವರ ಸ್ವಂತ ಸರಾಸರಿಯನ್ನು ಕಳೆದು, ಉಳಿದದ್ದನ್ನು ‘ಒಳಗಿನ’ ಚರವಾಗಿಯೂ ಸರಾಸರಿಯನ್ನು ‘ನಡುವಿನ’ ಚರವಾಗಿಯೂ ಬಹುಹಂತ ಮಾದರಿಯಲ್ಲಿ ಒಟ್ಟಿಗೆ ಹಾಕಿ. ಎಲ್ಲರಿಗೂ ಮಾಡಲಾಗದಿದ್ದರೆ 60–80 ಜನರ ಉಪಗುಂಪು ಸಾಕು.

ಸಾಧ್ಯವಾದರೆ ಪ್ರತಿಯೊಬ್ಬರನ್ನೂ ಹತ್ತಿರದಿಂದ ಬಲ್ಲ ಇಬ್ಬರಿಂದ ಅದೇ ಪ್ರಶ್ನಾವಳಿಯನ್ನು ‘ಇವರು’ ಎಂದು ಬದಲಿಸಿ ತುಂಬಿಸಿ. ಒಳಗಿನ ಆತಂಕದಂಥವನ್ನು ವ್ಯಕ್ತಿಯೇ ಚೆನ್ನಾಗಿ ಬಲ್ಲ. ಹೊಗಳಿಕೆ ತೆಗಳಿಕೆ ಅಂಟಿಕೊಂಡ, ಹೊರಗೆ ಕಾಣುವ ಗುಣಗಳನ್ನು ಪಕ್ಕದವರು ಬಲ್ಲರು ಎಂಬುದು ಸಿಮಿನ್ ವಜೀರೆ ಅವರ 2010ರ ಕೆಲಸದ ತಿರುಳು. ಕೆಲಸ ಹೊತ್ತಿಗೆ ಮುಗಿಸುವುದು ಎರಡನೆಯ ಬಗೆಗೆ ಹತ್ತಿರ.

ಫ್ರಾಯ್ಡ್ ಬಗ್ಗೆ ಕೇಳಿದ್ದೀರಿ. ಆ ಸಿದ್ಧಾಂತದ ಮುಖ್ಯ ಘಟಕಗಳು ಅರಿವಿಗೆ ಬಾರದವು, ಆದ್ದರಿಂದ ಸ್ವಯಂ ವರದಿಯ ಪ್ರಶ್ನಾವಳಿಯಿಂದ ಅವನ್ನು ಪರೀಕ್ಷಿಸಲು ಹೊರಡುವುದೇ ವಿರೋಧಾಭಾಸ. ‘ಯಾವ ಅರ್ಥ’ ಎಂಬ ಮೂರನೆಯ ಪ್ರಶ್ನೆ ನಿಮ್ಮನ್ನು ನಿಜವಾಗಿ ಕಾಡುತ್ತಿದ್ದರೆ ಕೆಲವೇ ಜನರೊಂದಿಗೆ ಆಳವಾದ ಜೀವನ ಕಥನದ ಸಂದರ್ಶನ, ಅಥವಾ ಜಾರ್ಜ್ ಕೆಲ್ಲಿ 1955ರಲ್ಲಿ ಕೊಟ್ಟ ರೆಪರ್ಟರಿ ಗ್ರಿಡ್ (ತನಗೆ ಗೊತ್ತಿರುವ ಜನರನ್ನು ತನ್ನದೇ ಪದಗಳಲ್ಲಿ ಹೋಲಿಸುವ ಕೋಷ್ಟಕ) ಹೆಚ್ಚು ಸೂಕ್ತ. ಅದು ಬೇರೆಯೇ ಪ್ರಬಂಧ. ಜನರನ್ನು ಹದಿನಾರು ಪಂಗಡಗಳಾಗಿ ವಿಂಗಡಿಸುವ ಪರೀಕ್ಷೆಗಳಿಂದ ದೂರವಿರಿ. ಅಂಕಗಳು ನಡುವೆ ದಟ್ಟವಾಗಿರುವಾಗ ಅಲ್ಲೇ ಗೆರೆ ಎಳೆದರೆ, ಎರಡು ಅಂಕ ಆಚೀಚೆಯಾದವರು ಮರುಪರೀಕ್ಷೆಯಲ್ಲಿ ಇನ್ನೊಂದು ಪಂಗಡಕ್ಕೆ ಜಿಗಿಯುತ್ತಾರೆ. ‘ನನಗೆ ಸರಿಯಾಗಿ ಹೊಂದಿತು’ ಎಂಬ ಅನಿಸಿಕೆ ಪುರಾವೆಯಲ್ಲ. 1949ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫೋರರ್ 39 ವಿದ್ಯಾರ್ಥಿಗಳಿಗೂ ಒಂದೇ ವರ್ಣನೆ ಕೊಟ್ಟಾಗ ಅವರು ಅದರ ನಿಖರತೆಗೆ ಐದಕ್ಕೆ ಸರಾಸರಿ 4.26 ಅಂಕ ಹಾಕಿದ್ದರು.

ಮಾರ್ಗದರ್ಶಕರ ಬಳಿ ಹೋಗುವಾಗ ಸಿದ್ಧಾಂತದ ಹೆಸರಿನ ಬದಲು ಒಂದು ಪುಟದ ಯೋಜನೆ ಹಿಡಿದುಕೊಂಡು ಹೋಗಿ: ‘ಯಾರು’ ಮತ್ತು ‘ಯಾವಾಗ’ ಎಂಬ ಎರಡು ಪ್ರಶ್ನೆ, ಪ್ರತಿಯೊಂದಕ್ಕೂ ನೀವು ನಿರೀಕ್ಷಿಸುವ ದಿಕ್ಕು, 200 ಜನ, ಒಂದು ಸೆಮಿಸ್ಟರಿನ ಎಲ್ಲ ಸಲ್ಲಿಕೆಗಳ ಸಮಯ, ಉಪಗುಂಪಿಗೆ 14 ದಿನದ ಫೋನ್ ದಾಖಲೆ. ಭಾಗವಹಿಸುವವರ ಒಪ್ಪಿಗೆ ಪತ್ರದಲ್ಲಿ ಸಲ್ಲಿಕೆ ಸಮಯ ನೋಡುತ್ತೀರೆಂದು ಸ್ಪಷ್ಟವಾಗಿ ಬರೆಯಿರಿ, ನೈತಿಕ ಸಮಿತಿಯ ಅನುಮತಿ ಬರುವ ತನಕ ಶುರು ಮಾಡಬೇಡಿ. ವಿಶ್ಲೇಷಣೆಯ ಯೋಜನೆಯನ್ನು ಓಪನ್ ಸೈನ್ಸ್ ಫ್ರೇಮ್‌ವರ್ಕ್ ಎಂಬ ಜಾಲತಾಣದಲ್ಲಿ ದಿನಾಂಕ ಸಮೇತ ನೋಂದಾಯಿಸಬಹುದು, ಅದಕ್ಕೆ ಹಣ ಬೇಕಿಲ್ಲ. ಈಗಾಗಲೇ ಇರುವ 60 ಜನರ ಮಾಹಿತಿಯನ್ನು ಎಸೆಯಬೇಡಿ. ಪೂರ್ವಾಧ್ಯಯನ ಎಂಬ ಶೀರ್ಷಿಕೆಯಡಿ 0.18, ವಿಶ್ವಾಸಾಂತರ, ಆಲ್ಫಾ ಎಲ್ಲವನ್ನೂ ಇದ್ದ ಹಾಗೇ ವರದಿ ಮಾಡಿ. ಹೊಸ 200 ಜನರೊಂದಿಗೆ ಮಾತ್ರ ಅವರನ್ನು ಸೇರಿಸಬೇಡಿ, ಏಕೆಂದರೆ ಅವರು ಉತ್ತರಿಸಿದ್ದು ಬೇರೆ ಪ್ರಶ್ನೆಗಳಿಗೆ.